ಹೊರಗೆ ಇಟ್ಟಿದ್ದಾರೆ

ಬೈಕುಲ್ಲಾ
೬ ಮೇ ೨೦೨೩, ಶನಿವಾರ

ನನ್ನ ವಂದನಾ,

ಈ ಕಾಗದ ಕೈಗೆ ಬಂದ ಕೂಡಲೇ ಮೊದಲು ನೀರು ಕುಡಿ, ಆಮೇಲೆ ಓದು. ಬದಲಾಪುರದ ಆಚೆ ಬಿಸಿಲು ಇಲ್ಲಿಗಿಂತ ಹೆಚ್ಚಂತೆ.

ನಿಮ್ಮ ಕ್ಯಾಂಪಿನವರು ಮಕ್ಕಳ ಮೊಬೈಲನ್ನೆಲ್ಲ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕುತ್ತಾರೆ ಎಂದಾಗ ನನಗೇನೂ ಅನಿಸಿರಲಿಲ್ಲ. ನಿನಗೆ ಮೊಬೈಲೇ ಇಲ್ಲ, ನಮಗೇನು ಎಂದುಕೊಂಡೆ. ಆದರೆ ಅವರ ಆಫೀಸಿನ ಫೋನೂ ಗುಡ್ಡದ ಮರೆಗೆ ಹತ್ತುವುದಿಲ್ಲ. ನಿನ್ನೆ ಒಮ್ಮೆ ಹತ್ತಿತು. ಯಾರೋ ಗಂಡಸಿನ ಧ್ವನಿ, "ಸಬ್ ಠೀಕ್ ಹೈ ಆಂಟಿ" ಎಂದು ಇಟ್ಟೇಬಿಟ್ಟ. ನಾನು ಯಾರ ತಾಯಿ ಎಂದು ಇನ್ನೂ ಹೇಳಿರಲೇ ಇಲ್ಲ. ಯಾರ ಮಗು ಎಂದು ಗೊತ್ತಿಲ್ಲದೆ ಎಲ್ಲ ಸರಿ ಇದೆ ಎಂದು ಹೇಗೆ ಹೇಳಿದ? ಅದನ್ನೇ ಯೋಚಿಸುತ್ತ ಕುಳಿತು ಅನ್ನ ತಳ ಹತ್ತಿಸಿದೆ.

ಪುಣ್ಯಕ್ಕೆ ನಿಮಗೆ ತರಕಾರಿ ನಮ್ಮ ಮಾರ್ಕೆಟ್ಟಿನಿಂದಲೇ ಬರುತ್ತದೆ. ಶಂಕ್ರೆಪ್ಪ ಕಾಕಾನ ಟೆಂಪೋ ದಿನ ಬಿಟ್ಟು ದಿನ ಅಲ್ಲಿಗೆ ಹೋಗುತ್ತದೆ ಎಂದು ನಿಮ್ಮಪ್ಪ ಮೂಟೆ ಏರಿಸುವಾಗ ಗೊತ್ತು ಮಾಡಿಕೊಂಡು ಬಂದರು. ನಾನೇ ಹೋಗಿ ಕೇಳಿದೆ. "ತಂಗೀ, ಇಷ್ಟ ದಿನ ಬಟಾಟಿ ಉಳ್ಳಾಗಡ್ಡಿ ಒಯ್ತಿದ್ನಿ, ಇನ್ನ ಮ್ಯಾಲ ಟಪಾಲಿನಂವ ಆದ್ನಿ ಅನ್ನು" ಎಂದ. "ಬರಿ, ಬರಿ. ಆದ್ರ ಅತ್ತು ಕಾಗದ ಹಸಿ ಮಾಡಬ್ಯಾಡ, ಕೊತಂಬರಿ ಜೋಡಿ ಕೊಳೀತದ." ನನ್ನನ್ನು ಕಂಡರೆ ಎಲ್ಲರಿಗೂ ನಗೆಯೇ.

ಕಾಗದದಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಬೇಸರ ಮಾಡಿಕೊಳ್ಳಬೇಡ. ಮಾಟುಂಗದ ಹೋಟೆಲ್ಲುಗಳಿಗೆ ಸುಲಿದು ಕೊಡುವುದು ಈ ವಾರ ಹೆಚ್ಚಾಗಿದೆ, ಲಗ್ನದ ದಿನಗಳಲ್ಲವೇ. ಉಗುರಿನ ಸಂದಿ ಉರಿಯುತ್ತದೆ. ಪೆನ್ನು ಹಿಡಿದರೆ ಇನ್ನೂ ಉರಿಯುತ್ತದೆ. ಆದರೂ ಬರೆಯುತ್ತೇನೆ. ನೀನೂ ಕನ್ನಡದಲ್ಲೇ ಬರೆ. ನಿನ್ನ ಶಾಲೆಯ ಹಿಂದಿ ಇಂಗ್ಲಿಷು ನನಗೆ ಓದಲು ಬರುವುದಿಲ್ಲ. ನನ್ನದು ಐದನೆಯ ಇಯತ್ತೆ ಓದಿದವಳ ಅಕ್ಷರ. ಮಾಟುಂಗದ ಕನ್ನಡ ಸಂಘದಲ್ಲಿ ಶೀಲಾವತಿ ಟೀಚರ್ ರವಿವಾರ ನಿನಗೆ ಕಲಿಸಿದ ಕನ್ನಡ ನನ್ನದಕ್ಕಿಂತ ಚೊಕ್ಕ. ನೀನು ಹೋಗಲಾರೆ ಎಂದು ಅಳುತ್ತಿದ್ದಾಗ ನಾನು ಎಳೆದುಕೊಂಡು ಹೋಗಿದ್ದು ಈಗ ಉಪಯೋಗಕ್ಕೆ ಬಂತು ನೋಡು.

ಮುನಸಿಪಾಲ್ಟಿ ಶಾಲೆಯಿಂದ ಒಬ್ಬರಿಗೇ ಫೀಸಿಲ್ಲದೆ ಜಾಗ ಎಂದಾಗ, ಓಟದಲ್ಲಿ ನೀನು ಮೊದಲು ಬಂದಿದ್ದರಿಂದ ನಿನ್ನ ಹೆಸರು ಬಂತು. ನನಗೆ ಖುಷಿಯೇ. ಆದರೆ ಮುಂದಿನ ಶನಿವಾರ ಗುಡ್ಡದ ಮೇಲೆ ಒಂದು ರಾತ್ರಿ ಬಯಲಲ್ಲಿ ಮಲಗಿಸುತ್ತಾರಂತೆ. ಅದನ್ನು ಯಾಕೆ ಮೊದಲು ಹೇಳಲಿಲ್ಲ? ಆ ಕಡೆ ಚಿರತೆ ನಾಯಿ ಹೊತ್ತೊಯ್ದದ್ದನ್ನು ಟಿವಿಯಲ್ಲಿ ತೋರಿಸಿದ್ದರು. ಹಾವು ಇರುತ್ತದೆ. ಚೇಳು ಕಲ್ಲಿನ ಕೆಳಗೇ ಇರುತ್ತದೆ, ಕಲ್ಲು ಎತ್ತಬೇಡ. ಸೇವಂತಿ ಅತ್ತೆಯ ಮಗನ ಬೂಟು ನಿನಗೆ ದೊಡ್ಡದು, ಬಟ್ಟೆ ತುರುಕಿ ಹಾಕಿಕೋ. ಎಲ್ಲರ ಜೊತೆಗೇ ಇರು. ಒಬ್ಬಳೇ ಉಳಿಯಬೇಡ.

ಇಲ್ಲಿ ಎಲ್ಲ ಚೆನ್ನಾಗಿದೆ.

ನಿನ್ನ ಅವ್ವ
ಸುಂದ್ರವ್ವ


ಕ್ಯಾಂಪ್
೮ ಮೇ, ಸೋಮವಾರ

ಪ್ರೀತಿಯ ಅವ್ವ,

ನಿನ್ನ ಕಾಗದ ಬಂತು. ನೀರು ಕುಡಿದು ಓದಿದೆ. ನಾನು ಕ್ಷೇಮವಾಗಿದ್ದೇನೆ.

ಇಲ್ಲಿ ಊಟ ಚೆನ್ನಾಗಿದೆ ಆದರೆ ಖಾರ ಇಲ್ಲ. ಬೆಳಿಗ್ಗೆ ಓಡಿಸುತ್ತಾರೆ. ಹಗ್ಗಕ್ಕೆ ಗಂಟು ಹಾಕುವುದು, ಡೇರೆ ಕಟ್ಟುವುದು, ಕಡ್ಡಿ ಒಟ್ಟಿ ಬೆಂಕಿ ಹಚ್ಚುವುದು ಕಲಿಸುತ್ತಾರೆ. ತಿಲಕ್ ಸರ್ ಒಳ್ಳೆಯವರು, ಆದರೆ ಯಾವಾಗಲೂ ಸೀಟಿ ಊದುತ್ತಾರೆ. ಒಂದು ಡೇರೆಗೆ ನಾಲ್ಕು ಹುಡುಗಿಯರು. ನನ್ನ ಡೇರೆಯಲ್ಲಿ ಶ್ರಾವ್ಯಾ ಎಂಬವಳು ಇದ್ದಾಳೆ. ಅವಳ ತಂದೆಗೆ ಅಂಧೇರಿಯಲ್ಲಿ ಹೋಟೆಲ್ ಇದೆ. ಅವರು ಉಡುಪಿ ಕಡೆಯವರು. ಅವಳಿಗೆ ಕನ್ನಡ ತಿಳಿಯುತ್ತದೆ, ಆದರೆ ಮಾತಾಡುವುದಿಲ್ಲ. ಚಿರತೆ ಬಂದಿಲ್ಲ. ನಾನು ಕಲ್ಲು ಎತ್ತಿಲ್ಲ.

ಇನ್ನೊಂದು ವಿಷಯ. ನಿನ್ನೆಯಿಂದ ನನ್ನನ್ನು ಹೊರಗೆ ಇಟ್ಟಿದ್ದಾರೆ. ಏನನ್ನೂ ಮುಟ್ಟಬೇಡ ಎನ್ನುತ್ತಾರೆ. ಊಟಕ್ಕೂ ಬೇರೆ ಕುಳಿತುಕೊಳ್ಳುತ್ತೇನೆ. ಇನ್ನು ನಾಲ್ಕೈದು ದಿನ ಹೀಗೆಯೇ ಇರುತ್ತದೆ ಎಂದು ಕಾಣುತ್ತದೆ. ಹೊಟ್ಟೆಯಲ್ಲಿ ಒಂದು ಥರಾ ಆಗುತ್ತದೆ. ಅಪ್ಪನಿಗೆ ಹೇಳಬೇಡ. ನಾನು ಶನಿವಾರ ಗುಡ್ಡಕ್ಕೆ ಹೋಗಬೇಕೋ ಬೇಡವೋ? ನನಗೆ ಹೋಗಬೇಕು ಅನಿಸುತ್ತದೆ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಇಂತಿ ನಿನ್ನ ಮಗಳು
ವಂದನಾ


ಬೈಕುಲ್ಲಾ
೧೦ ಮೇ, ಬುಧವಾರ

ವಂದನಾ, ನನ್ನ ತಾಯೀ,

ಈ ಕಾಗದವನ್ನು ಯಾರ ಎದುರಿಗೂ ಓದಬೇಡ. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವ ಅಭ್ಯಾಸ ನಿನಗೆ. ಈ ಸಲ ಮನಸ್ಸಿನಲ್ಲೇ ಓದು.

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಕಡೆಯ ಸಾಲುಗಳನ್ನು ಓದಿ ತೊಡೆಯ ಮೇಲಿದ್ದ ಮೊರ ಹಾಗೇ ಕೆಳಗಿಟ್ಟೆ. ನಿಮ್ಮಪ್ಪ, "ಏನ ಬರದಾಳ?" ಎಂದರು. "ಊಟದಾಗ ಖಾರ ಇಲ್ಲಂತ" ಎಂದೆ. "ಹಂಗಾದ್ರ ಚಟ್ನಿಪುಡಿ ಕಳಸು" ಎಂದು ಗೋಡೆಗೆ ತಿರುಗಿ ಮಲಗಿದರು. ಮೂಟೆ ಹೊತ್ತು ಬಂದ ಮನುಷ್ಯನಿಗೆ ನಿದ್ದೆ ಬರುತ್ತದೆ. ನನಗೆ ಬರಲಿಲ್ಲ.

ಇಷ್ಟು ಬೇಗ ಆಗುತ್ತದೆ ಎಂದು ನಾನು ತಿಳಿದಿರಲಿಲ್ಲ. ನಾನು ಹತ್ತಿರ ಇಲ್ಲದಾಗಲೇ ಆಗಬೇಕಿತ್ತೇ? ಅಲ್ಲಿ ನಿನಗೆ ಯಾರಿದ್ದಾರೆ? ಸೀಟಿ ಊದುವ ಆ ಸರ್ ಹತ್ತಿರ ಏನೆಂದು ಹೇಳಿಕೊಳ್ಳುತ್ತೀ? ಹೆದರಬೇಡ. ನಿನ್ನ ತಪ್ಪು ಏನೂ ಇಲ್ಲ. ಇವತ್ತಲ್ಲ ನಾಳೆ ಆಗುವುದೇ ಇತ್ತು. ನಾನೂ ಹೊರಗೆ ಕುಳಿತವಳೇ, ನಿನಗಿಂತ ಸಣ್ಣವಳಿದ್ದಾಗ. ಅವತ್ತು ಹೊರಗೆ ಕುಳಿತವಳು ಮತ್ತೆ ಶಾಲೆಯ ಬಾಗಿಲು ತುಳಿಯಲಿಲ್ಲ. ಯಾರೂ ಯಾಕೆ ಎಂದು ಕೇಳಲೂ ಇಲ್ಲ. ಹೆಣ್ಣುಮಕ್ಕಳ ಬಾಳೇ ಹೀಗೆ ಎಂದರು, ನಾನೂ ಹೂಂ ಎಂದೆ.

ಗುಡ್ಡಕ್ಕೆ ಹೋಗಬೇಕೋ ಎಂದು ಕೇಳಿದ್ದೀ. ಬೇಡ. ಬೇಡವೇ ಬೇಡ. ಅವರೆಲ್ಲ ಹೋಗಲಿ. ನೀನು ಕೆಳಗೇ ಒಂದು ಕಡೆ ಸುಮ್ಮನೆ ಕುಳಿತುಕೋ. ಮುಟ್ಟಬೇಡ ಎಂದರೆ ಮುಟ್ಟಬೇಡ. ಬೇರೆ ಕೂರು ಎಂದರೆ ಬೇರೆ ಕೂರು. ಎದುರುತ್ತರ ಕೊಡಬೇಡ. ದೊಡ್ಡ ದೊಡ್ಡ ಬಿಲ್ಡಿಂಗಿನ ಮಕ್ಕಳು, ಆದರೂ ಪದ್ಧತಿ ಬಿಟ್ಟಿಲ್ಲವಲ್ಲ ಎಂದು ನನಗೆ ಆಶ್ಚರ್ಯವಾಯಿತು. ಐದನೆಯ ದಿನ ತಲೆಗೆ ಎರೆದುಕೋ. ತಣ್ಣೀರು ಬೇಡ, ಅಡಿಗೆಯವರ ಹತ್ತಿರ ಬಿಸಿನೀರು ಕೇಳು.

ಯಾರಿಗೂ ಹೇಳಬೇಡ. ನಿಮ್ಮಪ್ಪನಿಗೆ ನಾನು ಹೇಳಿಲ್ಲ. ಅವರಿಗೆ ಗೊತ್ತಾದರೆ ಊರಿಗೆ ಫೋನು ಹೋಗುತ್ತದೆ. ರಾಚವ್ವ ಅಜ್ಜಿ ಮರುದಿನವೇ ರೈಲು ಹತ್ತಿ ಬರುತ್ತಾಳೆ. "ಸಾಲಿ ಕಲ್ತದ್ದು ಸಾಕು, ಹುಡುಗಿನ್ನ ನನ್ನ ಕೂಡ ಕಳಸ್ರಿ" ಎನ್ನುತ್ತಾಳೆ. ತಾಯಿಯ ಮಾತಿಗೆ ಇಲ್ಲ ಎಂದವರಲ್ಲ ನಿಮ್ಮಪ್ಪ. ಜೂನಿನಲ್ಲಿ ನೀನು ಒಂಬತ್ತನೆಯ ಇಯತ್ತೆಗೆ ಹೋಗಬೇಕು. ಅದಕ್ಕೇ ಹೇಳುತ್ತಿದ್ದೇನೆ, ಬಾಯಿ ಮುಚ್ಚಿಕೊಂಡಿರು.

ಪಕ್ಕದ ಮನೆಗೆ ಹೋಗಿ ಸೇವಂತಿ ಅತ್ತೆಗೆ ಮಾತ್ರ ಹೇಳಿದೆ. ಹೇಳದಿದ್ದರೆ ನನ್ನ ಎದೆ ಒಡೆಯುತ್ತಿತ್ತು. "ಅಯ್ಯ, ಅದಕ್ಯಾಕ ಇಷ್ಟ ಬೆವರ್ತಿ? ಹುಡುಗಿ ಗಟ್ಟಿ ಅದಾಳ. ಮೊದ್ಲ ನೀ ಗಟ್ಟಿ ಆಗು" ಎಂದು ಒಣಕೊಬ್ಬರಿ ತುರಿದುಕೊಟ್ಟಳು. ಇಬ್ಬರೂ ಕೂಡಿ ಅಂಟಿನ ಉಂಡೆ ಕಟ್ಟಿದೆವು. ದಿನಕ್ಕೆ ಎರಡು ತಿನ್ನು, ಸೊಂಟಕ್ಕೆ ಒಳ್ಳೆಯದು. ಡಬ್ಬಿಯ ಕೆಳಗೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಇದೆ. ಅದನ್ನು ಬಚ್ಚಲಲ್ಲಿ ಒಬ್ಬಳೇ ಇದ್ದಾಗ ಬಿಚ್ಚು.

ನಾನು ಇಲ್ಲಿ ಚೆನ್ನಾಗಿದ್ದೇನೆ. ನನ್ನ ಚಿಂತೆ ಮಾಡಬೇಡ.

ಅವ್ವ


ಕ್ಯಾಂಪ್
೧೧ ಮೇ, ಗುರುವಾರ

ಅವ್ವ,

ಶಂಕ್ರೆಪ್ಪ ಕಾಕಾ ಚೀಲ ಇಳಿಸಿ ಊಟಕ್ಕೆ ಕುಳಿತಿದ್ದಾರೆ. ಅಷ್ಟರಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೋ.

ಅವರು ಮಾಡಿದ್ದು ಪದ್ಧತಿ ಎಂದು ನಿನಗೆ ಯಾರು ಹೇಳಿದರು?

ರವಿವಾರ ನಮ್ಮನ್ನು ಅಭ್ಯಾಸಕ್ಕೆಂದು ಹಳ್ಳದ ತನಕ ನಡೆಸಿದರು. ಬೂಟು ಕಚ್ಚಿತು. ನೋವು ತಡೆಯಲಾರದೆ ದಾರಿಯಲ್ಲಿ ಕುಳಿತುಬಿಟ್ಟೆ. ನನ್ನಿಂದ ನಮ್ಮ ತಂಡ ಎಲ್ಲರಿಗಿಂತ ಹಿಂದೆ ಬಂತು. ಆಗ ಶ್ರಾವ್ಯಾ, "ಇಸ್‌ಕೋ ಹಮಾರೀ ಟೀಮ್ ಮೇ ಮತ್ ರಖೋ, ಯೇ ತೋ ಫ್ರೀ‌ವಾಲೀ ಹೈ" ಎಂದಳು. ಬಿಟ್ಟಿ ಬಂದವಳು, ನಮ್ಮ ತಂಡದಲ್ಲಿ ಬೇಡ ಎಂದು. ಬೇರೆ ಹುಡುಗಿಯರು ಅವಳ ಕಡೆಗೇ ಸರಿದರು. ಅವತ್ತಿನಿಂದ ನಾನು ತಂಡದಿಂದ ಹೊರಗೆ. ಹಗ್ಗ ಮುಟ್ಟಿದರೆ "ಛೂನಾ ಮತ್, ಬಿಗಡ್ ಜಾಯೇಗಾ," ಮುಟ್ಟಬೇಡ, ಕೆಡುತ್ತದೆ ಎನ್ನುತ್ತಾರೆ. ತಟ್ಟೆ ತೆಗೆದುಕೊಂಡು ಹೋದರೆ ಜಾಗ ಇಲ್ಲ ಎನ್ನುತ್ತಾರೆ. ಶನಿವಾರ ಗುಡ್ಡ ಹತ್ತುವ ತನಕ ಇದೇ ಎಂದು ನಿನಗೆ ಬರೆದೆ.

ನಿನಗೆ ಯಾಕೆ ಬರೆದೆ ಗೊತ್ತೇ? ಚಾಳಿನ ನಳದ ಹತ್ತಿರ ಯಾರಾದರೂ ನನ್ನ ಕೊಡ ಸರಿಸಿದರೆ ನೀನು ಮೂರನೆಯ ಮಾಳಿಗೆಯಿಂದಲೇ "ಯಾವಾಕಿ ಆಕಿ?" ಎಂದು ಕೂಗುತ್ತೀ. ನನಗೆ ನಾಚಿಕೆಯಾಗುತ್ತದೆ. ಈ ಸಲ ನೀನು ಕಾಗದದಲ್ಲಿ ಹಾಗೆ ಕೂಗಲಿ ಎಂದುಕೊಂಡಿದ್ದೆ.

ನೀನು ಬೇರೆ ಕೂರು ಎಂದು ಬರೆದೆ. ನೀನು ಹೊರಗೆ ಕುಳಿತು ಶಾಲೆ ಬಿಟ್ಟೆ, ಸರಿ. ನಾನೂ ಕೂರಬೇಕೇ? ಇದು ಯಾವಾಗಲಾದರೂ ಆಗುವುದೇ ಇತ್ತು ಎಂದು ಗೊತ್ತಿದ್ದರೆ ನನ್ನನ್ನು ಯಾಕೆ ಕಳಿಸಿದೆ?

ತಿಲಕ್ ಸರ್‌ಗೆ ಗುಡ್ಡಕ್ಕೆ ಬರುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಅವ್ವ ಬರೆದಿದ್ದಾಳೆ ಎಂದೆ. ಚಿಟ್ಠಿ ತೋರಿಸು ಎಂದರು. ತೋರಿಸಿದೆ. ಮೇಲೆ ಕೆಳಗೆ ಮಾಡಿ ನೋಡಿದರು, ಅವರಿಗೆ ಕನ್ನಡ ಬರುವುದಿಲ್ಲ. "ಕ್ಯಾ ಲಿಖಾ ಹೈ?" ಎಂದರು. "ಮನಾ ಕಿಯಾ ಹೈ," ಬೇಡ ಎಂದಿದ್ದಾಳೆ ಎಂದೆ. ನನ್ನ ಹೆಸರು ಹೊಡೆದುಹಾಕಿದರು.

ನಿನ್ನ ಪೊಟ್ಟಣ ಬಿಚ್ಚಿಲ್ಲ. ಇಲ್ಲಿ ಬಚ್ಚಲಿನ ಮುಂದೆ ಯಾವಾಗಲೂ ಸಾಲು ಇರುತ್ತದೆ, ಒಳಗೆ ಸ್ವಲ್ಪ ತಡವಾದರೆ ಬಾಗಿಲು ಬಡಿಯುತ್ತಾರೆ. ಐದನೆಯ ದಿನವೇ ಯಾಕೆ ತಲೆಗೆ ಎರೆದುಕೊಳ್ಳಬೇಕು? ಇಲ್ಲಿ ದಿನಾ ಸ್ನಾನ ಮಾಡುತ್ತೇವೆ.

ನಾನು ಚೆನ್ನಾಗಿದ್ದೇನೆ. ಹೊರಗೇ ಇದ್ದೇನೆ.

ವಂದನಾ


ಬೈಕುಲ್ಲಾ
೧೨ ಮೇ, ಶುಕ್ರವಾರ

ವಂದನಾ,

ಇಷ್ಟು ಓದಿದ ಕೂಡಲೇ ತಿಲಕ್ ಸರ್ ಹತ್ತಿರ ಓಡು. ನಮ್ಮವ್ವ ಗುಡ್ಡಕ್ಕೆ ಹೋಗು ಅಂದಿದ್ದಾಳೆ ಎಂದು ಹೇಳು. ಹೊಡೆದುಹಾಕಿದ ಹೆಸರು ಮತ್ತೆ ಬರೆಸು. ಆಮೇಲೆ ಉಳಿದದ್ದನ್ನು ಓದು.

ಓಡಿ ಬಂದೆಯಾ? ಹಾಂ, ಈಗ ಓದು.

ನೀನು ಬರೆದದ್ದೇ ಬೇರೆ, ನಾನು ಓದಿದ್ದೇ ಬೇರೆ. ಹೇಗೆ ಬರೆಯಲಿ, ಪೆನ್ನು ಮುಂದೆ ಹೋಗುತ್ತಿಲ್ಲ. ಸೇವಂತಿ ಪಕ್ಕದಲ್ಲೇ ಕುಳಿತು, "ಬರಿ ಬರಿ, ಹಡಿಯೂ ಮುಂದ ನಾಚಿಕಿ ಇರ್ಲಿಲ್ಲ, ಬರಿಯೂ ಮುಂದ ನಾಚಿಕಿ ಏನು" ಎಂದು ಕುಟುಕುತ್ತಿದ್ದಾಳೆ. ಬರೆಯುತ್ತೇನೆ. ನಮ್ಮ ಕಡೆ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಮುಟ್ಟಾದರೆ ಆ ಮಾತು ಯಾರೂ ಬಾಯಿಬಿಟ್ಟು ಆಡುವುದಿಲ್ಲ. "ಹೊರಗಾಗ್ಯಾಳ", "ಹೊರಗ ಕುಂತಾಳ" ಎನ್ನುತ್ತಾರೆ. ಏನನ್ನೂ ಮುಟ್ಟುವ ಹಾಗಿಲ್ಲ, ಊಟ ಬೇರೆ, ಹಾಸಿಗೆ ಬೇರೆ, ಐದನೆಯ ದಿನ ತಲೆಗೆ ನೀರು. ನೀನು ಹೊರಗೆ ಇಟ್ಟಿದ್ದಾರೆ ಎಂದೆ, ಮುಟ್ಟಬೇಡ ಎನ್ನುತ್ತಾರೆ ಎಂದೆ, ನಾಲ್ಕೈದು ದಿನ ಎಂದೆ, ಹೊಟ್ಟೆಯಲ್ಲಿ ಒಂಥರಾ ಎಂದೆ, ಅಪ್ಪನಿಗೆ ಹೇಳಬೇಡ ಎಂದೂ ಬರೆದೆ. ಇನ್ನೇನು ತಿಳಿಯಲಿ ನಾನು? ನನ್ನ ಮಗಳು ದೊಡ್ಡವಳಾದಳು ಎಂದು ತಿಳಿದೆ.

ಈ ಮಾತು ನಿನಗೆ ಗೊತ್ತಿಲ್ಲ. ಎಲ್ಲಿಂದ ಗೊತ್ತಾಗಬೇಕು? ನಾನು ಮನೆಯಲ್ಲಿ ಒಮ್ಮೆಯೂ ಆಡಿಲ್ಲ. ನನಗೆ ಆದಾಗ "ಇವತ್ತ ದೇವರ ಮುಂದ ನೀ ದೀಪಾ ಹಚ್ಚು, ನನ್ನ ತಲಿ ನೋಯ್ತದ" ಎನ್ನುತ್ತಿದ್ದೆ. ನಿನಗೆ ನಾನು ತಲೆನೋವಿನ ಹೆಂಗಸು ಎಂದೇ ಗೊತ್ತು. ಊರಿನಲ್ಲಾದರೆ ದನದ ಕೊಟ್ಟಿಗೆಯ ಪಕ್ಕ ಒಂದು ಮೂಲೆ ಇತ್ತು, ಅಲ್ಲಿ ಕೂರಿಸಿದರು. ಇಲ್ಲಿ ಎಲ್ಲಿ ಕೂರುವುದು? ಒಂದೇ ಖೋಲಿ. ಒಲೆಯಿಂದ ಕೈ ಚಾಚಿದರೆ ಹಾಸಿಗೆ, ಹಾಸಿಗೆಯಿಂದ ಕಾಲು ಚಾಚಿದರೆ ಬಾಗಿಲು, ಬಾಗಿಲಾಚೆ ಮಂದಿಯ ಚಪ್ಪಲಿ. ನಮ್ಮ ಮನೆಯಲ್ಲಿ ಹೊರಗೆ ಅನ್ನುವ ಜಾಗವೇ ಇಲ್ಲ ವಂದನಾ. ಮೊದಮೊದಲು ಅದಕ್ಕೇ ಅಳುತ್ತಿದ್ದೆ. ಈಗ ಒಳ್ಳೆಯದೇ ಆಯಿತು ಅನಿಸುತ್ತದೆ. ನಿನಗೆ ಯಾವತ್ತಾದರೂ ಆಗಲಿ, ನೀನು ಒಳಗೇ ಇರುತ್ತೀ, ಆ ದಿನವೂ ಶಾಲೆಗೆ ಹೋಗುತ್ತೀ. ರಾಚವ್ವ ಅಜ್ಜಿ ಬಂದರೆ ಬರಲಿ. ಅವಳನ್ನು ನಾನು ನೋಡಿಕೊಳ್ಳುತ್ತೇನೆ. ಹೇಗೆ ಎಂದು ಕೇಳಬೇಡ, ಅದು ಇನ್ನೂ ಗೊತ್ತಿಲ್ಲ.

ಈಗ ನೀನು ಕೇಳಬೇಕೆಂದಿದ್ದನ್ನು ಕೇಳು. ಯಾವಾಕಿ ಆಕಿ? ಫ್ರೀ ಅಂದ್ಲಾ? ನನ್ನ ಮಗಳು ಓಡಿ ಗೆದ್ದು ಬಂದಾಳ, ನೀ ಏನ ಮಾಡಿ ಬಂದಿ? ನಿಮ್ಮಪ್ಪನ ಹೋಟೆಲ್ಲಿನ ಚಟ್ನಿಗೆ ಬಳ್ಳೊಳ್ಳಿ ಸುಲ್ದ ಕೈ ಯಾರದು ಅಂತ ಕೇಳ್ಕೊಂಡು ಬಾ ಹೋಗು! ಕೇಳಿಸಿತೇ? ಇಲ್ಲಿ ಬರೆಯುವಾಗ ಬಾಯಿಂದಲೂ ಅಂದೆ. ಆಚೆ ಮನೆಯವರು ಇಣುಕಿ ನೋಡಿದರು.

ನಿಮ್ಮಪ್ಪನಿಗೆ ಎಲ್ಲ ಹೇಳಿದೆ, ಎರಡೂ ಸಂಗತಿ. ಮೊದಲನೆಯದಕ್ಕೆ ತಲೆ ಕೆರೆದುಕೊಂಡರು. ಎರಡನೆಯದಕ್ಕೆ ಎದ್ದು ಕುಳಿತು, "ಯಾವ ಹೋಟೆಲ್ಲ ಅದು? ಅವ್ರ ಮೂಟಿ ನಾ ಏರಸಂಗಿಲ್ಲ" ಎಂದರು. ಅಂಧೇರಿಯ ಹೋಟೆಲ್ಲಿಗೆ ನಮ್ಮ ಮಾರ್ಕೆಟ್ಟಿನಿಂದ ಮೂಟೆ ಹೋಗುವುದೇ ಇಲ್ಲ. ಆದರೂ ಮನಸ್ಸಿಗೆ ಸಮಾಧಾನವಾಯಿತು.

ಒಂದು ಮಾತು ಹೇಳದೆ ಇರಲಾರೆ. ನೀನು ದೊಡ್ಡವಳಾದೆ ಎಂದು ತಿಳಿದಾಗ ಎದೆ ಒಡೆಯಿತು ಎಂದು ಬರೆದೆನಲ್ಲ, ಅದು ನಿಜ. ಅದರ ಹಿಂದೆಯೇ, ಹಾಗಾದರೆ ಗುಡ್ಡ ತಪ್ಪಿತು ಎಂದು ನಿಟ್ಟುಸಿರೂ ಬಿಟ್ಟೆ. ಚಿರತೆಯ ಹೆದರಿಕೆ ತಪ್ಪಿತು ಎಂದುಕೊಂಡೆ. ನಿನ್ನನ್ನು ತಡೆಯಲು ನನಗೊಂದು ನೆವ ಸಿಕ್ಕಿತ್ತು. ಈಗ ಇಲ್ಲ. ಈಗ ಹೋಗು ಎಂದು ಬರೆಯಲು ಎರಡು ಹಾಳೆ ಹರಿದುಹಾಕಿದೆ. ಬೇಡ ಎಂದು ಬರೆಯುವಾಗ ಒಂದಕ್ಷರವನ್ನೂ ಹೊಡೆದಿರಲಿಲ್ಲ ನೋಡು. ಆದರೂ ಬರೆದಿದ್ದೇನೆ. ಹೋಗು. ಹಿಂದೆ ಉಳಿದರೂ ಪರವಾಗಿಲ್ಲ, ಕುಳಿತು ಕುಳಿತು ಹತ್ತು. ಬೂಟಿನ ಹಿಮ್ಮಡಿಗೆ ಇಡಲು ಹತ್ತಿ ಕಳಿಸಿದ್ದೇನೆ.

ಬೆಳಿಗ್ಗೆಯಿಂದ ಆಫೀಸಿಗೆ ಫೋನು ಹಚ್ಚುತ್ತಿದ್ದೇನೆ, ಹತ್ತುತ್ತಿಲ್ಲ. ನಾಳೆ ಟೆಂಪೋ ಇದೆ. ನೀವು ಹೊರಡುವುದು ಬಿಸಿಲು ಇಳಿದ ಮೇಲೆ ಎಂದು ಶಂಕ್ರೆಪ್ಪ ಕಾಕಾ ಕೇಳಿಕೊಂಡು ಬಂದಿದ್ದಾನೆ. "ಊಟದ ಹೊತ್ತಿಗೆ ಮುಟ್ಟಸ್ತೀನಿ ತಂಗೀ, ನನ್ನ ಮ್ಯಾಲ ಬಿಡು" ಎಂದಿದ್ದಾನೆ. ಅವನ ಮೇಲೆ ಬಿಟ್ಟಿದ್ದೇನೆ. ಟೆಂಪೋದ ಹಳೆಯ ಟೈರು ನೋಡಿದರೆ ಯಾರ ಮೇಲೆ ಬಿಡಬೇಕೋ ತಿಳಿಯುವುದಿಲ್ಲ.

ಸಾಕು, ನನಗೆ ಬಹಳ ದಣಿವಾಗಿದೆ. ಹೋಗಿ ಬಾ.

ಅವ್ವ


ಕ್ಯಾಂಪ್
೧೪ ಮೇ, ರವಿವಾರ

ಪ್ರೀತಿಯ ಅವ್ವ,

ನಾನು ಗುಡ್ಡಕ್ಕೆ ಹೋಗಿ ಬಂದೆ. ನಿನ್ನ ಕಾಗದ ಬರುವ ಮೊದಲೇ ಹೋದೆ.

ಶಂಕ್ರೆಪ್ಪ ಕಾಕಾನ ಟೆಂಪೋ ಕಲ್ಯಾಣದ ಹತ್ತಿರ ಕೆಟ್ಟು ನಿಂತಿತ್ತಂತೆ. ಅವರು ಇಲ್ಲಿಗೆ ಮುಟ್ಟಿದಾಗ ನಾವು ಹೊರಟು ಹೋಗಿದ್ದೆವು. ಇವತ್ತು ಇಳಿದು ಬಂದ ಮೇಲೆ ಅಡಿಗೆಯವರು ಕಾಗದ ಕೊಟ್ಟರು. ಕಾಕಾ ಬಹಳ ಬೇಜಾರು ಮಾಡಿಕೊಂಡು, "ಹುಡುಗಿಗೆ ಹೇಳ್ರಿ, ತಪ್ಪು ನಂದಲ್ಲ, ಗಾಡೀದು" ಎಂದು ಹೇಳಿ ಹೋದರಂತೆ. ಅವರಿಗೆ ಬೈಯಬೇಡ.

ಹೇಗೆ ಹೋದೆ ಎಂದು ಹೇಳುತ್ತೇನೆ. ಗುರುವಾರ ನಿನಗೆ ಕಾಗದ ಕೊಟ್ಟು ಕಳಿಸಿದ ಮೇಲೆ ನೀರಿನ ಟಾಕಿಯ ಹಿಂದೆ ಕುಳಿತು ನಿನ್ನ ಕಾಗದವನ್ನು ಮತ್ತೆ ಓದುತ್ತಿದ್ದೆ. ನೀನು ಬೇಡ ಎಂದಿದ್ದೆ, ಆದರೂ ಗಟ್ಟಿಯಾಗಿಯೇ ಓದಿದೆ. ಮನಸ್ಸಿನಲ್ಲಿ ಓದಿದರೆ ಕನ್ನಡ ನನಗೆ ಅರ್ಥವಾಗುವುದಿಲ್ಲ. ಶ್ರಾವ್ಯಾ ಬಾಟಲಿ ತುಂಬಲು ಬಂದವಳು ಕೇಳಿಸಿಕೊಂಡಳು. "ಹೊರಗೆ ಕುಳಿತವಳೇ" ಎಂಬಲ್ಲಿ ನಿಂತಳು. "ಐದನೆಯ ದಿನ ತಲೆಗೆ" ಎಂಬಲ್ಲಿ ಬಾಟಲಿ ಕೆಳಗೆ ಬಿಟ್ಟು ನಗಲು ಶುರು ಮಾಡಿದಳು. "ಅರೇ ಪಾಗಲ್! ಮೇರೀ ಅಜ್ಜಿ ಭೀ ಯಹೀ ಬೋಲ್ತೀ ಹೈ. ಹೊರಗೆ ಅಂದ್ರೆ ಪೀರಿಯಡ್ಸ್ ಮಾರಾಯ್ತಿ!" ಎಂದಳು. ಅವಳ ಅಜ್ಜಿಯೂ ಇದೇ ಮಾತು ಆಡುತ್ತಾಳಂತೆ. ಅವಳ ಬಾಯಿಯಿಂದ ಕನ್ನಡ ಕೇಳಿದ್ದು ಅದೇ ಮೊದಲು.

ಪೊಟ್ಟಣ ಅವಳೇ ಹರಿದಳು. ಒಳಗೆ ಸೇವಂತಿ ಅತ್ತೆಯ ಹಳೆಯ ಸೀರೆ ಹರಿದು ಮಡಚಿಟ್ಟ ಬಟ್ಟೆ ನೋಡಿ ನಾನೂ ನಕ್ಕೆ. ಸೇವಂತಿ ಅತ್ತೆಗೆ ಹೇಳಬೇಡ. ಆಮೇಲೆ ಅವಳು, "ನೀನು ಮಮ್ಮಿಗೆ ಏನು ಬರೆದಿದ್ದೆ?" ಎಂದು ಹಿಂದಿಯಲ್ಲಿ ಕೇಳಿದಳು. "ನೀವೆಲ್ಲ ನನ್ನನ್ನು ಹೊರಗೆ ಇಟ್ಟಿದ್ದೀರಿ ಎಂದು ಬರೆದಿದ್ದೆ" ಎಂದೆ. ಅವಳು ನಗುವುದನ್ನು ನಿಲ್ಲಿಸಿದಳು. ಉಂಡೆಯ ಡಬ್ಬಿ ತೆಗೆದು ಒಂದು ತಿಂದಳು. ಸಾರಿ ಅನ್ನಲಿಲ್ಲ. ಇನ್ನೊಂದು ತಿಂದಳು.

ಮರುದಿನ ತಿಲಕ್ ಸರ್‌ಗೆ ನಾನು ಚಿಟ್ಠಿ ತಪ್ಪು ಓದಿದ್ದೆ, ಅವ್ವ ಮನಾ ಮಾಡಿಲ್ಲ ಎಂದೆ. ಅದು ಸುಳ್ಳು. ನೀನು ಬೇಡವೇ ಬೇಡ ಎಂದು ಬರೆದಿದ್ದೆ. ಆದರೆ ಯಾವುದಕ್ಕೆ ನೀನು ಬೇಡ ಎಂದೆಯೋ ಅದು ನನಗೆ ಆಗಿರಲಿಲ್ಲ. ನಿನಗೆ ಕಾಗದ ಬರೆದು ಕೇಳಲು ಟೆಂಪೋ ಇರಲಿಲ್ಲ. ಹಾಗಾಗಿ ನಾನೇ ಹೂಂ ಅಂದುಕೊಂಡೆ.

ಗುಡ್ಡ ಚೆನ್ನಾಗಿತ್ತು ಎಂದು ಬರೆಯಬೇಕು ಅಂದುಕೊಂಡಿದ್ದೆ. ಆದರೆ ಅವ್ವ, ಬಹಳ ಸಾಕಾಯಿತು. ಧೂಳು, ಸೆಕೆ, ಒಂದು ಎಲೆಯೂ ಅಲುಗಲಿಲ್ಲ. ಬೂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಚಪ್ಪಲಿಯಲ್ಲಿ ಹತ್ತಿದೆ. ತಂಡದಲ್ಲಿ ಇರಲಿಲ್ಲ. ತಂಡ ಆಗಲೇ ಬರೆದಾಗಿತ್ತು, ಬದಲಾಯಿಸಲು ಆಗುವುದಿಲ್ಲ ಎಂದು ಸರ್ ನನ್ನನ್ನು ಎಲ್ಲರ ಹಿಂದೆ ದಾರಿ ತೋರಿಸುವ ಮಾವಶಿಯ ಜೊತೆಗೆ ಹಾಕಿದರು. ಮಾವಶಿ ಆ ಗುಡ್ಡದ ಕೆಳಗಿನ ಊರಿನವಳು. "ಹಳೂ ಹಳೂ, ಪೋರೀ, ಡೋಂಗರ್ ಕುಠೇ ಪಳತೋಯ್?" ಎನ್ನುತ್ತಿದ್ದಳು. ನಿಧಾನ, ಗುಡ್ಡ ಎಲ್ಲಿ ಓಡಿ ಹೋಗುತ್ತದೆ ಎಂದು. ಅವಳೂ ನಿನ್ನ ಹಾಗೆ ನೀರು ಕುಡಿ ನೀರು ಕುಡಿ ಎಂದಳು. ಚಿರತೆಯ ಬಗ್ಗೆ ಕೇಳಿದೆ. ಇದೆ, ಆದರೆ ಇಷ್ಟು ಗದ್ದಲ ಮಾಡುವ ಮಕ್ಕಳ ಹತ್ತಿರ ಅದು ಯಾಕೆ ಬರುತ್ತದೆ ಎಂದಳು.

ಮೇಲೆ ಬಯಲು ಇದೆ. ದೂರದಲ್ಲಿ ಆಕಾಶದ ಅಂಚು ಕೆಂಪಗೆ ಇತ್ತು. ಅದೇ ಮುಂಬಯಿ ಎಂದರು. ದೀಪ ಕಾಣುವುದಿಲ್ಲ, ಬರೀ ಕೆಂಪು. ಅಲ್ಲಿ ನೀನು ಬೆಳ್ಳುಳ್ಳಿ ಸುಲಿಯುತ್ತಿರುತ್ತೀ ಎಂದುಕೊಂಡೆ. ಶ್ರಾವ್ಯಾ ಡೇರೆಯೊಳಗೆ ಬಾ ಎಂದು ಕರೆದಳು. ಹೋದೆ. ಆದರೆ ತಂಡದಲ್ಲಿ ನನ್ನ ಜಾಗಕ್ಕೆ ಬೇರೆಯವಳು ಬಂದಿದ್ದಳು, ಐದು ಜನಕ್ಕೆ ಜಾಗ ಸಾಲಲಿಲ್ಲ, ಅವಳು ಮಲಗಿದಲ್ಲೇ ಒದೆಯುತ್ತಾಳೆ. ಎದ್ದು ಬಂದು ಮಾವಶಿಯ ಪಕ್ಕ ಮಲಗಿದೆ. ಯಾರೂ ಹೋಗು ಅನ್ನಲಿಲ್ಲ, ನಾನೇ ಬಂದೆ. ನೆಲ ಇನ್ನೂ ಬೆಚ್ಚಗಿತ್ತು. ಭಯವಾಯಿತು. ಆಮೇಲೆ ನಿದ್ದೆ ಬಂತು. ಬೆಳಿಗ್ಗೆ ಇಳಿಯುವಾಗ ಶ್ರಾವ್ಯಾ ನನ್ನ ಹಿಂದೆಯೇ ಬಂದಳು, ಅವಳ ಕಾಲಿಗೂ ಬೊಬ್ಬೆ. ದಾರಿಯಲ್ಲಿ ನೀರಿನ ಬಾಟಲಿಗೆ ಮತ್ತೆ ಜಗಳವಾಡಿದೆವು.

ನೀನು ಬರೆದ ಆ ಇನ್ನೊಂದು ವಿಷಯ. ಅವ್ವ, ಅದು ನನಗೆ ಗೊತ್ತು. ಏಳನೆಯ ಇಯತ್ತೆಯಲ್ಲೇ ಡಾಕ್ಟರ್ ಮ್ಯಾಡಮ್ ಒಬ್ಬರು ಶಾಲೆಗೆ ಬಂದು ಚಿತ್ರ ತೋರಿಸಿ ಹೇಳಿದ್ದಾರೆ. ನನಗೆ ಗೊತ್ತಿಲ್ಲದೆ ಇದ್ದದ್ದು ನಿನ್ನ ಶಬ್ದ ಮಾತ್ರ. ಶೀಲಾವತಿ ಟೀಚರ್ ಒಳಗೆ ಎಂಬುದಕ್ಕೆ ವಿರುದ್ಧ ಪದ ಹೊರಗೆ ಎಂದಷ್ಟೇ ಕಲಿಸಿದ್ದರು. ನಿನಗೆ ತಲೆನೋವು ಬಂದಾಗಲೆಲ್ಲ ನಾನು ಹೆದರುತ್ತಿದ್ದೆ. ಏನೋ ದೊಡ್ಡ ರೋಗ ಇದೆ, ನೀನು ಮುಚ್ಚಿಡುತ್ತೀ ಎಂದುಕೊಂಡಿದ್ದೆ. ಮೊದಲೇ ಹೇಳಬಾರದಿತ್ತೇ? ಇನ್ನು ಮೇಲೆ ನಿನಗೆ ತಲೆನೋವು ಬಂದರೆ ದೀಪವನ್ನೂ ಹಚ್ಚುತ್ತೇನೆ, ಬೆಳ್ಳುಳ್ಳಿಯನ್ನೂ ಸುಲಿಯುತ್ತೇನೆ.

ಅಡಿಗೆಯವರು ಕಾಗದ ಕೊಟ್ಟಾಗ ನಾನು ನಳದ ಹತ್ತಿರ ಕಾಲು ತೊಳೆಯುತ್ತಿದ್ದೆ. ಮೊದಲ ಸಾಲು ಓದಿದೆ. ಓಡು ಎಂದು ನೀನು ಬರೆದಿದ್ದೆ. ಕಾಲು ಉರಿಯುತ್ತಿತ್ತು, ಚಪ್ಪಲಿಯೂ ಇರಲಿಲ್ಲ. ಆದರೂ ಓಡಿದೆ. ತಿಲಕ್ ಸರ್ ಹಗ್ಗ ಸುತ್ತುತ್ತ ಕುಳಿತಿದ್ದರು. ಕಾಗದ ಮುಂದೆ ಹಿಡಿದು, "ಸರ್, ಮೇರೀ ಮಮ್ಮೀ ನೇ ಹಾಂ ಬೋಲಾ ಹೈ," ನಮ್ಮವ್ವ ಹೂಂ ಎಂದಿದ್ದಾಳೆ ಎಂದೆ.

"ಕಿಸ್ ಬಾತ್ ಕೇ ಲಿಯೇ?" ಯಾವುದಕ್ಕೆ ಎಂದು ಕೇಳಿದರು.

"ಐಸೇ ಹೀ, ಸರ್," ಸುಮ್ಮನೇ ಎಂದೆ.

ವಂದನಾ